ಮೂಲೆಯ ಬುಟ್ಟಿ

ಇದು ಶುರುವಾದದ್ದು ಯುಗಾದಿ ಕಳೆದ ಮರುವಾರ, ಒಂದು ಬುಧವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಬಿಸಿಲು ಎಂಥದೆಂದರೆ ಮಾದಿಹಳ್ಳಿಯ ನಾಯಿಗಳೆಲ್ಲ ಹಾಲಿನ ಡೈರಿಯ ಗೋಡೆ ನೆರಳಿಗೆ ಸಾಲಾಗಿ ಬಿದ್ದುಕೊಂಡಿದ್ದವು. ಮಾರಮ್ಮ ಹಸುವಿಗೆ ನೀರು ಕುಡಿಸಿ, ತೆಂಗಿನ ಮರದ ಕೆಳಗೆ ಕಟ್ಟಿ, ಕೈಕಾಲು ತೊಳೆದು, ಅಂಬೇಡ್ಕರ್ ಜಯಂತಿಗೆ ಉಟ್ಟು ಒಗೆದಿಟ್ಟಿದ್ದ ನೀಲಿ ಸೀರೆಯನ್ನೇ ಮತ್ತೆ ಉಟ್ಟುಕೊಂಡು ಬಾಗಿಲಿಗೆ ಬಂದಳು.

ಜಗಲಿಯ ಮೇಲೆ ಅವಳ ಗಂಡ ಗಂಗಯ್ಯ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತ ಕೂತಿದ್ದ.

"ಏನಮ್ಮಿ, ಐವತ್ತೆಂಟು ವರ್ಷಕ್ಕೆ ಕಂಪ್ಯೂಟರ್ ಕಲ್ತು ಡಿಸಿ ಆಯ್ತೀಯಾ? ನೀನು ಡಿಸಿ ಆಗೋಗಂಟ ನಂಗೆ ಸಂಜೆ ಕಾಪಿ ಕಾಸೋರು ಯಾರು?"

"ಒಲೆ ಅಲ್ಲೇ ಐತೆ, ಬೆಂಕಿಪಟ್ಣ ಅಲ್ಲೇ ಐತೆ, ನಿಮಗೂ ಎರಡು ಕೈ ಅವೆ," ಎಂದು ಮಾರಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಆಸೆಪಟ್ಟು ಹೊರಟವಳಲ್ಲ ಅವಳು. ಪಂಚಾಯ್ತಿ ಲೈಬ್ರರಿಗೆ ನಾಲ್ಕು ಕಂಪ್ಯೂಟರ್ ಬಂದಿದ್ದವು. ಊರಿನ ಹೆಂಗಸರಿಗೆ ಎಂಟು ವಾರ ಹೇಳಿಕೊಡುವ ಕೆಲಸ ಅವಳ ಸೊಸೆ ಆಶಾರಾಣಿಗೆ ಸಿಕ್ಕಿತ್ತು. ಇಪ್ಪತ್ತು ಜನ ಸೇರದಿದ್ದರೆ ಕ್ಲಾಸೇ ಇಲ್ಲ ಎಂದಿದ್ದರು. ಹತ್ತೊಂಬತ್ತಕ್ಕೆ ಬಂದು ನಿಂತಿತ್ತು. "ಅತ್ತೆ, ನೀವು ಸುಮ್ನೆ ಬಂದು ಕೂತ್ಕೊಳ್ಳಿ ಸಾಕು," ಎಂದು ಆಶಾರಾಣಿ ರೊಟ್ಟಿ ತಟ್ಟುತ್ತ ಕೇಳಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಅತ್ತೆಯ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಇಲ್ಲ ಅನ್ನಲಾಗಲಿಲ್ಲ.

ಲೈಬ್ರರಿಯಲ್ಲಿ ಇಪ್ಪತ್ತು ಹೆಂಗಸರು ಸೆರಗು ಹೊದ್ದು, ಹೆಣ್ಣು ನೋಡಲು ಬಂದವರಂತೆ ಬಿಗಿದುಕೊಂಡು ಕೂತಿದ್ದರು. ಆಶಾರಾಣಿ ಗೋಡೆಯ ಮೇಲೆ ದೊಡ್ಡದಾಗಿ ಬಿದ್ದಿದ್ದ ಪರದೆಯ ಮುಂದೆ ನಿಂತಳು.

"ಹೆದರ್ಕೋಬೇಡಿ. ಇದನ್ನ ನಿಮ್ಮನೆ ಅಂತಲೇ ತಿಳ್ಕೊಳ್ಳಿ. ಆನ್ ಮಾಡಿದ ತಕ್ಷಣ ಕಾಣೋದು ನಡುಮನೆ. ಈ ಸಣ್ಣ ಸಣ್ಣ ಚಿತ್ರಗಳೆಲ್ಲ ಬಾಗಿಲು. ಎರಡು ಸಲ ತಟ್ಟಿದ್ರೆ ತೆಗೆಯುತ್ತೆ. ತೆಗೆದಾಗ ಕಾಣೋದು ಕಿಟಕಿ. ಒಂದು ಕಿಟಕಿ ಮೇಲೆ ಇನ್ನೊಂದು ಕಿಟಕಿ ತೆಗೀಬಹುದು, ಹಿಂದಿಂದು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ. ಈ ಹಳದೀದು ಪೆಟ್ಟಿಗೆ. ಪೆಟ್ಟಿಗೆ ಒಳಗೆ ಏನು ಬೇಕಾದ್ರೂ ಇಡಬಹುದು. ಈ ಬಾಣದ ಗುರುತು ನಿಮ್ಮ ಬೆರಳು. ಮೌಸ್ ಮೇಲೆ ಒತ್ತಿ ಹಿಡಿದು ಎಳ್ಕೊಂಡು ಹೋದ್ರೆ ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆ ಬರುತ್ತೆ."

"ಅಲ್ಲ ಮೇಡಂ," ಎಂದಳು ಪಕ್ಕದ ಬೀದಿಯ ಮಾದಮ್ಮ, "ಅಲ್ಲಿ ಬರೆದಿರೋದೆಲ್ಲ ಇಂಗ್ಲೀಷು. ನಮಗೆ ಕನ್ನಡವೇ ಕೂಡಿಸ್ಕೊಂಡು ಓದಬೇಕು."

"ಅದಕ್ಕೇ ಕಣಮ್ಮ ಚಿತ್ರ ಇಟ್ಟಿರೋದು. ಮುಂಚೆ ಎಲ್ಲಾನೂ ಅಕ್ಷರ ಹೊಡೆದೇ ಹೇಳಬೇಕಿತ್ತು. ಈಗ ಬೆರಳು ತೋರಿಸಿದ್ರೆ ಆಯ್ತು. ಚಿತ್ರ ನೋಡಿ. ಮನೇಲಿ ಯಾವುದು ಯಾವ ಕೆಲಸಕ್ಕೋ, ಇಲ್ಲೂ ಅದೇ ಕೆಲಸಕ್ಕೆ."

ಈ ಕೊನೆಯ ಮಾತು ಮಾರಮ್ಮನ ತಲೆಯಲ್ಲಿ ಕೂತುಬಿಟ್ಟಿತು.

ಮೊದಲ ದಿನ ಮಾದಮ್ಮ ಮೌಸನ್ನು ಮೇಲಕ್ಕೆತ್ತಿ ಪರದೆಗೇ ಒತ್ತಿ ಹಿಡಿದಳು. ಇನ್ನೊಬ್ಬಳ ಬಾಣ ಮೂಲೆಗೆ ಹೋಗಿ ಮತ್ತೆ ಬರಲೇ ಇಲ್ಲ. ಮಾರಮ್ಮನ ಕೈ ಮಾತ್ರ ನಡುಗಲಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ರಾಗಿಕಲ್ಲು ಬೀಸಿದ ಕೈ ಅದು. ಗೂಟವನ್ನು ಬಿಗಿಯಾಗಿ ಹಿಡಿದರೆ ಕಲ್ಲು ತಿರುಗುವುದಿಲ್ಲ, ಸಡಿಲ ಬಿಟ್ಟರೆ ಕೈ ಜಾರುತ್ತದೆ. ಮೌಸೂ ಹಾಗೇ ಎಂದು ಅವಳಿಗೆ ಗಳಿಗೆಯಲ್ಲಿ ತಿಳಿಯಿತು.

"ನೋಡಿ, ನಮ್ಮತ್ತೇನ ನೋಡಿ ಕಲೀರಿ," ಎಂದಳು ಆಶಾರಾಣಿ, ಎಲ್ಲರೆದುರಿಗೆ.

ಅವತ್ತು ಸಂಜೆ ಮುದ್ದೆ ತಿರುವುವಾಗ ಮಾರಮ್ಮ ಗುನುಗಿಕೊಳ್ಳುತ್ತಿದ್ದಳು. ಗಂಗಯ್ಯ ತಟ್ಟೆಯ ಮುಂದೆ ಕೂತು, "ಡಿಸಿ ಅಮ್ಮಾವ್ರೇ, ಬಸ್ಸಾರಿಗೆ ಉಪ್ಪು ಬಿಟ್ಟೋಗೈತೆ," ಎಂದ. ಮಗ ಭೀಮರಾಜ್ ನಕ್ಕ. ಅವನು ಬೇಲೂರಿನಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಮೊಮ್ಮಗಳು ಚಿತ್ರಾ ಅಜ್ಜಿಯ ತೊಡೆಗೆ ಒರಗಿಕೊಂಡೇ ಉಣ್ಣುತ್ತಿದ್ದಳು. ಹನ್ನೊಂದು ತುಂಬಿ ಹನ್ನೆರಡಕ್ಕೆ ಬಿದ್ದಿದ್ದರೂ ಆ ಅಭ್ಯಾಸ ಹೋಗಿರಲಿಲ್ಲ.

ಆ ಮನೆಯಲ್ಲಿ ಆಗ ಒಂದೇ ಒಂದು ಜಗ್ಗಾಟವಿತ್ತು. ಅರಸೀಕೆರೆಯ ಕಡೆ, ಹಾರನಹಳ್ಳಿ ದಾಟಿ ಹೋದರೆ ಒಂದು ವಸತಿ ಶಾಲೆ. ಪರೀಕ್ಷೆ ಬರೆದು ಚಿತ್ರಾ ಅಲ್ಲಿ ಆರನೇ ಕ್ಲಾಸಿಗೆ ಸೀಟು ತೆಗೆದುಕೊಂಡಿದ್ದಳು. ಕಳಿಸಬೇಕೆಂದು ಆಶಾರಾಣಿ. ಬೇಡವೆಂದು ಮಾರಮ್ಮ. ಹುಡುಗಿಯ ಇಷ್ಟ ಎಂದು ಭೀಮರಾಜ್.

"ನಾನು ಹೋಗಲ್ಲ. ಅಜ್ಜಿ ಜೊತೆ ಇರ್ತೀನಿ," ಎನ್ನುತ್ತಿದ್ದಳು ಚಿತ್ರಾ.

"ಅಜ್ಜಿ ಏನು ನಿನಗೆ ಲೆಕ್ಕ ಹೇಳ್ಕೊಡ್ತಾರಾ?" ಎಂದು ಆಶಾರಾಣಿ ಗದರುವಳು.

"ಹೇಳ್ಕೊಡ್ತೀನಿ ಕಣಮ್ಮ, ಕಂಪ್ಯೂಟರಲ್ಲೇ ಹೇಳ್ಕೊಡ್ತೀನಿ," ಎನ್ನುತ್ತಿದ್ದಳು ಮಾರಮ್ಮ. ಎಲ್ಲರೂ ನಗುತ್ತಿದ್ದರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

*

ಕ್ಲಾಸಿನಲ್ಲಿ ಕಲಿತದ್ದನ್ನು ಮನೆಯಲ್ಲಿ ತಿದ್ದಿಕೊಳ್ಳಲೆಂದು ಆಶಾರಾಣಿ ತನ್ನ ಲ್ಯಾಪ್‌ಟಾಪನ್ನು ಅತ್ತೆಗೆ ಬಿಟ್ಟುಕೊಡುತ್ತಿದ್ದಳು. ಅದರ ನಡುಮನೆಯಲ್ಲಿ ಒಂದು ಹಳದಿ ಪೆಟ್ಟಿಗೆಯಿತ್ತು. ಅದರಿಂದ ಒಂದು ಮುಖ ಇಣುಕುತ್ತಿತ್ತು. ಬೆರಳುಗುರಿನಷ್ಟು ಚಿಕ್ಕ ಮುಖವಾದರೂ ಮಾರಮ್ಮನಿಗೆ ಗುರುತು ಸಿಕ್ಕಿತು. ಗೆಂಡೆಹಳ್ಳಿಯ ಲಕ್ಕಮ್ಮ. ಆಶಾರಾಣಿಯ ತಾಯಿ.

ಲಕ್ಕಮ್ಮ ತೀರಿಕೊಂಡದ್ದು ಹೋದ ಕಾರ್ತೀಕದಲ್ಲಿ. ಬೀಗಿತ್ತಿಯರಿಬ್ಬರಿಗೂ ಹದಿನಾಲ್ಕು ವರ್ಷ ಮಾತಿರಲಿಲ್ಲ. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಲಕ್ಕಮ್ಮ ಯಾರ ಹತ್ತಿರವೋ, "ಡಿಗ್ರಿ ಓದಿರೋ ಹುಡುಗೀನ ಹೆಬ್ಬೆಟ್ಟಿನ ಮನೆಗೆ ಕೊಡ್ತಿದ್ದೀವಿ," ಎಂದಿದ್ದಳು. ಎರಡೆಲೆಯ ಆಚೆ ಬಡಿಸುತ್ತಿದ್ದ ಮಾರಮ್ಮನ ಕೈಯ ಸೌಟು ಅಲ್ಲೇ ನಿಂತಿತ್ತು. ಆಮೇಲೆ ಅವಳು ಗೆಂಡೆಹಳ್ಳಿಯ ಹೊಸಿಲು ತುಳಿದಿರಲಿಲ್ಲ. ಲಕ್ಕಮ್ಮ ಹಾಸಿಗೆ ಹಿಡಿದಾಗಲೂ ಹೋಗಲಿಲ್ಲ. ಹೋದದ್ದು ಮಣ್ಣಿಗೆ ಮಾತ್ರ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಮೂರನೇ ವಾರದ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಚಿತ್ರಾ ಹುಣಸೇಮರದ ಕೆಳಗೆ ಆಡಲು ಹೋಗಿದ್ದಳು. ಮಾರಮ್ಮ ಆ ಪೆಟ್ಟಿಗೆಯನ್ನು ಎರಡು ಸಲ ತಟ್ಟಿದಳು. ಕಿಟಕಿ ತೆರೆಯಿತು. ಒಳಗೆ ಒಂದರ ಕೆಳಗೊಂದು ಒಂಬತ್ತು ಗುರುತು. ಮೊದಲನೆಯದನ್ನು ತಟ್ಟಿದಳು.

"ಆಯ್ತೇನೇ ಆಶಾ? ಕೆಂಪು ದೀಪ ಹತ್ಕೊಂತಾ? ಹಾಡ್ಲಾ?"

ಸತ್ತ ಹೆಂಗಸಿನ ದನಿ! ಮಾರಮ್ಮ ಬೆಚ್ಚಿ ಮುಚ್ಚಳ ಹಾಕಿ, ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮಾರನೆಯ ದಿನ ಮತ್ತೆ ತೆಗೆದಳು. ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಪದ. ರಾಗಿ ಬೀಸುವ ಪದ, ನಾಟಿಯ ಪದ, ಹಸೆಗೆ ಕರೆಯುವ ಪದ. ಮೂರನೆಯದು ಮುಗಿದ ಮೇಲೆ ಲಕ್ಕಮ್ಮ ನಕ್ಕು ಹೇಳಿದ್ದಳು: "ಈ ಪದ ನಿಮ್ಮತ್ತೆಗೂ ಬತ್ತದೆ ಕಣೇ. ನಿನ್ನ ಮದುವೇಲಿ ಹಸೆ ಮುಂದೆ ಎತ್ತಿದ್ದಳು. ನನ್ನ ಗಂಟಲು ಅವಳ ಮುಂದೆ ಏನೂ ಇಲ್ಲ. ನಾನೇ ಏನೋ ಆಡಬಾರದ್ದು ಆಡಿ ಕೆಡಿಸ್ಕೊಂಡೆ."

ಮಾರಮ್ಮ ಆ ಮಾತನ್ನು ನಾಲ್ಕು ಸಲ ಕೇಳಿದಳು. ಅಲ್ಲಿಂದ ದಿನಾ ಮಧ್ಯಾಹ್ನ, ಹಸುವಿಗೆ ನೀರಿಟ್ಟ ಮೇಲೆ, ಕ್ಲಾಸಿಗೆ ಮುಂಚೆ, ಆಶಾರಾಣಿ ಲೈಬ್ರರಿಗೆ ಹೋಗಿದ್ದು ಗಂಗಯ್ಯ ಜಗಲಿಯಲ್ಲಿ ಗೊರಕೆ ಹೊಡೆಯುವಾಗ, ಅವಳು ಲಕ್ಕಮ್ಮನ ಜೊತೆ ಕೂತಿರುತ್ತಿದ್ದಳು. ಬದುಕಿದ್ದಾಗ ಕೂರದವಳು. ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ.

ಆಶಾರಾಣಿ ಆ ಪದಗಳನ್ನು ಹಳೇ ಫೋನಿನಲ್ಲಿ ಹಿಡಿದಿದ್ದಳು. ಆ ಫೋನು ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಉಳಿದದ್ದು ಲ್ಯಾಪ್‌ಟಾಪಿನಲ್ಲಿ ಇದ್ದದ್ದೊಂದೇ. ತಾಯಿ ಹೋದ ಮೇಲೆ ಅದನ್ನು ಒಂದು ಸಲವೂ ತೆಗೆದಿರಲಿಲ್ಲ. "ಇನ್ನೂ ಧೈರ್ಯ ಬಂದಿಲ್ಲ," ಎಂದು ಗಂಡನ ಹತ್ತಿರ ಹೇಳಿದ್ದು ಮಾರಮ್ಮನ ಕಿವಿಗೆ ಬಿದ್ದಿತ್ತು.

ಬೇಸಿಗೆ ರಜ. ಚಿತ್ರಾ ಲ್ಯಾಪ್‌ಟಾಪಿಗೆ ಆಟ, ಬಣ್ಣ ಹಚ್ಚುವ ಚಿತ್ರ, ಏನೇನೋ ತಂದು ತುಂಬಿದಳು. ನಡುಮನೆ ಸಂತೆಯಾಯಿತು. ಒಂದು ದಿನ ಹಳದಿ ಪೆಟ್ಟಿಗೆ ಇದ್ದ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ ಯಾವುದೋ ಕಾರಿನ ಆಟದ ಪಕ್ಕ ಸಿಕ್ಕಿತು. ಹೀಗೆ ಕಾಲಡಿಗೆ ಸಿಗುವ ಹಾಗೆ ಬಿದ್ದಿದ್ದರೆ ಇವತ್ತಲ್ಲ ನಾಳೆ ಏನಾದರೂ ಆಗುತ್ತದೆ.

ಪರದೆಯ ಮೇಲ್ಗಡೆ ಎಡಮೂಲೆಯಲ್ಲಿ ಒಂದು ಬುಟ್ಟಿಯ ಚಿತ್ರವಿತ್ತು. ಎಲ್ಲದರಿಂದ ದೂರ, ಎತ್ತರದಲ್ಲಿ. ಕ್ಲಾಸಿನಲ್ಲಿ ಒಮ್ಮೆ ಮಾದಮ್ಮ, "ಮೇಡಂ, ಆ ಬುಟ್ಟಿ ಏನಕ್ಕೆ?" ಎಂದು ಕೇಳಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಹೇಳ್ತೀನಿ," ಎಂದ ಆಶಾರಾಣಿ ಮರೆತಳು.

ಕೇಳುವುದೇನಿದೆ? ಬುಟ್ಟಿ ಏನಕ್ಕೆಂದು ಮಾರಮ್ಮನಿಗೆ ಗೊತ್ತಿತ್ತು. ಅವಳ ಅತ್ತೆಯ ಕಾಲದಿಂದ ಒಲೆಯ ಮೇಲಿನ ತೊಲೆಯಿಂದ ಹಗ್ಗದ ನೆಲವು ಇಳಿಬಿದ್ದಿರುತ್ತಿತ್ತು. ನೆಲವಿನಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಬೆಣ್ಣೆ ಗಡಿಗೆ, ಬಿತ್ತನೆಯ ಅವರೆ, ಮಕ್ಕಳ ಬೆಳ್ಳಿ ಉಡಿದಾರ. ಬೆಕ್ಕಿಗೂ ಎಟುಕದು, ಇಲಿಗೂ ಎಟುಕದು, ಮಕ್ಕಳಿಗೂ ಎಟುಕದು. ಕಸಕ್ಕೆಂದು ಆ ಮನೆಯಲ್ಲಿ ಯಾವತ್ತೂ ಬುಟ್ಟಿ ಇರಲಿಲ್ಲ. ಗುಡಿಸಿದ್ದು ಮೊರಕ್ಕೆ, ಮೊರದಿಂದ ಹಿತ್ತಿಲ ತಿಪ್ಪೆಗೆ. ಮನೇಲಿ ಯಾವುದು ಯಾವ ಕೆಲಸಕ್ಕೋ ಇಲ್ಲೂ ಅದೇ ಕೆಲಸಕ್ಕೆ.

ಅವಳು ಲಕ್ಕಮ್ಮನ ಪೆಟ್ಟಿಗೆಯನ್ನು ಒತ್ತಿ ಹಿಡಿದು, ಮೊಸರಿನ ಗಡಿಗೆ ಎತ್ತಿಕೊಂಡು ಹೋಗುವವಳಂತೆ ಉಸಿರು ಬಿಗಿಹಿಡಿದು, ಮೂಲೆಗೆ ಒಯ್ದು ಬುಟ್ಟಿಯೊಳಗೆ ಬಿಟ್ಟಳು. ಬುಟ್ಟಿಯನ್ನು ತೆಗೆದು ನೋಡಿದಳು. ಇತ್ತು. ಎರಡು ಸಲ ತಟ್ಟಿದಳು. ಪದ ಬರಲಿಲ್ಲ, ಇಂಗ್ಲೀಷ್ ಅಕ್ಷರದ ಒಂದು ಚಿಕ್ಕ ಕಿಟಕಿ ಬಂತು. 'ಬೀಗ ಬಿದ್ದೈತೆ. ಒಳ್ಳೇದೇ ಆಯ್ತು,' ಎಂದುಕೊಂಡಳು. ಕೇಳಲಿಲ್ಲವಲ್ಲ ಎಂದು ಬೇಜಾರಾಯಿತು. ಇರಲಿ, ಸೊಸೆಗೆ ಧೈರ್ಯ ಬಂದ ದಿನ ಬೀಗ ತೆಗೆಯುತ್ತಾಳೆ.

*

ಬುದ್ಧ ಪೂರ್ಣಿಮೆಯ ಸಂಜೆ. ಆಶಾರಾಣಿ ಬುದ್ಧನ ಪಟದ ಮುಂದೆ ದೀಪ ಹಚ್ಚಿದಳು. ಮಾರಮ್ಮ ಕಡಲೆಬೇಳೆ ಪಾಯಸ ಮಾಡಿದ್ದಳು. ಎಲ್ಲರೂ ಇನ್ನೂ ಕುಡಿಯುತ್ತಿರುವಾಗ ಆಶಾರಾಣಿ ಲ್ಯಾಪ್‌ಟಾಪನ್ನು ನಡುವೆ ತಂದಿಟ್ಟು, "ಆರು ತಿಂಗಳಾಯ್ತು. ಇವತ್ತು ನಮ್ಮವ್ವನ ಪದ ಕೇಳೋಣ," ಎಂದಳು.

ಮಾರಮ್ಮನ ಮುಖ ಅರಳಿತು. ಅಷ್ಟರಲ್ಲಿ ಆಶಾರಾಣಿ, "ಇಲ್ವಲ್ಲ! ಇಲ್ಲೇ ಇತ್ತು," ಎಂದಳು. ಅಲ್ಲಿ ತಟ್ಟಿದಳು, ಇಲ್ಲಿ ತಟ್ಟಿದಳು. ಮೂಲೆಗೆ ಹೋಗಿ ಬುಟ್ಟಿ ತೆಗೆದಳು. ಬುಟ್ಟಿ ಬರಿದು.

"ರೀ, ಕಸದ ಬುಟ್ಟಿ ಖಾಲಿ ಮಾಡಿದ್ರಾ?"

"ಹೋದ ಭಾನುವಾರ ಮಾಡಿದೆ. ಚಿತ್ರಾ ಶಾಲೆ ಕಾಗದ ಹಾಕೋಕೆ ಹೋದ್ರೆ ಜಾಗ ಇಲ್ಲ ಅಂತಿತ್ತು. ಕಸ ತಾನೇ ಅಂತ ಪೂರಾ ಬಳಿದುಹಾಕಿದೆ. ಯಾಕೆ?"

ಕಸದ ಬುಟ್ಟಿ. ಮಾರಮ್ಮನ ಕೈಯಲ್ಲಿದ್ದ ಪಾಯಸದ ಲೋಟ ಅಲ್ಲೇ ನಿಂತಿತು.

"ಅವ್ವನ ಪೆಟ್ಟಿಗೇನ ಯಾರೋ ಕಸಕ್ಕೆ ಹಾಕಿದ್ದಾರೆ. ನೀವು ಅದನ್ನ ಬಳಿದು ಆಚೆಗೆ ಎಸೆದಿದ್ದೀರಿ." ಆಶಾರಾಣಿ ಮಗಳ ಕಡೆ ತಿರುಗಿದಳು. "ಚಿತ್ರಾ! ಆಟ ಹಾಕೋಕೆ ಜಾಗ ಸಾಲಲಿಲ್ಲ ಅಂತ ತೆಗೆದ್ಯಾ?"

"ನಾನಲ್ಲ ಅಮ್ಮ."

"ಮತ್ತಿನ್ಯಾರು? ನಿಮ್ಮಪ್ಪ ಅಲ್ಲ, ನಾನಲ್ಲ. ತಾತ ಅದನ್ನ ಮುಟ್ಟಲ್ಲ. ಅಜ್ಜಿ ನಾನು ಹೇಳ್ಕೊಟ್ಟಿದ್ದು ಬಿಟ್ಟು ಬೇರೇದರ ಮೇಲೆ ಕೈಯಿಡಲ್ಲ. ಸುಳ್ಳು ಬೇರೆ ಬೊಗಳ್ತೀಯಾ?"

ಏಟು ಬಿತ್ತು. ಮಕ್ಕಳ ಮೇಲೆ ಕೈಮಾಡದ ಮನೆ ಅದು. ಚಿತ್ರಾ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಅಜ್ಜಿಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಮಾರಮ್ಮ ಕಣ್ಣು ತಗ್ಗಿಸಿ, ಲೋಟ ತೊಳೆಯುವ ನೆಪದಲ್ಲಿ ಎದ್ದು ಹಿತ್ತಿಲಿಗೆ ಹೋದಳು.

*

ಹೇಳಬಹುದಿತ್ತು. ಆ ಗಳಿಗೆಯಲ್ಲೇ ಹೇಳಬಹುದಿತ್ತು. ಆದರೆ ಯಾರು ನಂಬುತ್ತಾರೆ? ಹದಿನಾಲ್ಕು ವರ್ಷ ಮಾತು ಬಿಟ್ಟವಳು, ಸಾಯುವಾಗ ಮುಖ ನೋಡದವಳು, ಬೀಗಿತ್ತಿಯ ದನಿಯನ್ನು ಕಸಕ್ಕೆ ಹಾಕಿದಳು ಎಂದರೆ, ಬೇಕೆಂದೇ ಹಾಕಿದಳು ಅನ್ನದವರು ಯಾರು? ಅದೂ ಅಲ್ಲದೆ ಇಡೀ ಕ್ಲಾಸಿನಲ್ಲಿ ಅವಳೇ ಮುಂದು. ಕೊನೆಯ ದಿನ ಬೇಲೂರಿನಿಂದ ಬರುವ ಆಫೀಸರ ಮುಂದೆ ಮಾಡಿ ತೋರಿಸುವವಳು ಅವಳೇ ಎಂದು ತೀರ್ಮಾನವಾಗಿತ್ತು. ಹೆಬ್ಬೆಟ್ಟಿನ ಮನೆಯವಳು!

ಮಾರನೆಯ ದಿನ ಭೀಮರಾಜ್ ಲ್ಯಾಪ್‌ಟಾಪನ್ನು ಹಳೇಬೀಡಿಗೆ ಒಯ್ದ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯ ಶಶಿಕಿರಣ್ ಎರಡು ದಿನ ಇಟ್ಟುಕೊಂಡು, "ಆಗಲ್ಲ ಸರ್. ಆ ಜಾಗದ ಮೇಲೆ ಬೇರೆ ಫೈಲ್ ಬಂದು ಕೂತಿದೆ," ಎಂದು ಕೊಟ್ಟುಕಳಿಸಿದ.

ಅವತ್ತು ಗಂಗಯ್ಯನೊಬ್ಬನಿಗೆ ಮಾರಮ್ಮ ಹೇಳಿದಳು, ಹಸುವಿನ ಕೆಚ್ಚಲು ತೊಳೆಯುತ್ತ, ಅವನ ಮುಖ ನೋಡದೆ.

ಗಂಗಯ್ಯ ಹಸುವಿನ ಬೆನ್ನು ಸವರಿದ. "ಸುಮ್ಕಿರು. ಹೋಗಿದ್ದಂತೂ ಬರಲ್ಲ. ನೀನು ಹೇಳಿದ್ರೆ ಮನೆ ಎರಡಾಯ್ತದೆ. ಮಗು ಒಂದು ಏಟು ತಿಂತು, ಮರೀತದೆ."

"ಮರೀತದಾ?"

"ಮಕ್ಳು ಕಣಮ್ಮಿ."

ಚಿತ್ರಾ ಮರೆಯಲಿಲ್ಲ. ಊಟಕ್ಕೆ ಅಜ್ಜಿಯ ಪಕ್ಕ ಬಿಟ್ಟು ಬಾಗಿಲ ಹತ್ತಿರ ಕೂರತೊಡಗಿದಳು. ಆಶಾರಾಣಿ ಮಗಳಿಗೆ ಬಡಿಸುವಾಗ ತಟ್ಟೆ ಸದ್ದಾಗುತ್ತಿತ್ತು. ವಾರ ಕಳೆದ ಮೇಲೆ ಒಂದು ದಿನ ಹುರುಳಿಸಾರು ಕಲೆಸಿಕೊಳ್ಳುತ್ತ ಚಿತ್ರಾ, "ಅಪ್ಪಾ, ನಾನು ಆ ಸ್ಕೂಲಿಗೆ ಹೋಗ್ತೀನಿ," ಎಂದಳು.

"ಅಜ್ಜಿ ಬಿಟ್ಟು ಹೋಗಲ್ಲ ಅಂತಿದ್ದೆ?"

"ಹೋಗ್ತೀನಿ ಅಂದ್ನಲ್ಲ."

"ಹೋಗಲಿ ಬಿಡಿ. ಅಲ್ಲಾದ್ರೂ ಸತ್ಯ ಹೇಳೋದು ಕಲೀಲಿ," ಎಂದಳು ಆಶಾರಾಣಿ.

"ಆಶಾ," ಎಂದಳು ಮಾರಮ್ಮ.

"ಏನು ಅತ್ತೆ?"

"ಇನ್ನೊಂದು ಮುದ್ದೆ ಹಾಕ್ಲಾ?"

ಹೀಗೆ ಮೂರು ಸಲವಾಯಿತು. ಒಮ್ಮೆ ನೀರು ತುಂಬುವಾಗ, ಒಮ್ಮೆ ಬಟ್ಟೆ ಒಣಹಾಕುವಾಗ. ಪ್ರತಿಸಲವೂ ಬಾಯಿಗೆ ಬಂದದ್ದು ಉಪ್ಪಿನದೋ ಸೋಪಿನದೋ ಮಾತು. ಕ್ಲಾಸಿನಲ್ಲಿ ಕೂತರೆ ಗೋಡೆಯ ಮೇಲಿನ ಆ ಬುಟ್ಟಿ ಅವಳನ್ನೇ ನೋಡುತ್ತಿತ್ತು. ಅಷ್ಟೂ ದಿನ ಅದು ಏನಕ್ಕೆಂದು ಆಶಾರಾಣಿ ಹೇಳಿಕೊಡಲೇ ಇಲ್ಲ. ಮಾದಮ್ಮನೂ ಮತ್ತೆ ಕೇಳಲಿಲ್ಲ.

ಎಂಟನೇ ವಾರದ ಶುಕ್ರವಾರ. ಹಿಂದಿನ ದಿನ ಮಳೆ ಹುಯ್ದು ಅಂಗಳ ಕೆಸರಾಗಿತ್ತು. ಸೋಮವಾರ ಶಾಲೆಗೆ ಬಿಡಬೇಕು. ಹಾಸ್ಟೆಲಿನಲ್ಲಿ ತಲೆ ಬಾಚುವವರು ಯಾರೆಂದು ಮಾರಮ್ಮ ಮೊಮ್ಮಗಳನ್ನು ಹಿಡಿದು ಕೂರಿಸಿಕೊಂಡು ಎಣ್ಣೆ ಹಚ್ಚಿದಳು. ಚಿತ್ರಾ ಬೆನ್ನು ಕೊಟ್ಟು ಕೂತಿದ್ದಳು. ಎರಡನೇ ಜಡೆಗೆ ಬಂದಾಗ ಮೆಲ್ಲಗೆ ಹೇಳಿದಳು:

"ಅಜ್ಜಿ, ನೀನು ದಿನಾ ಮಧ್ಯಾಹ್ನ ಕೇಳ್ತಿದ್ದೆ ಅಲ್ವಾ, ಗೆಂಡೆಹಳ್ಳಿ ಅಜ್ಜಿ ಪದ?"

ಬಾಚಣಿಗೆ ನಿಂತಿತು.

"ನೀರು ಕುಡಿಯೋಕೆ ಬಂದಾಗ ಕಿಟಕೀಲಿ ಕೇಳಿಸ್ಕೊಂಡಿದ್ದೆ. ಎರಡು ಸಲ."

"ಅವತ್ತು... ಅವತ್ತು ನಿಮ್ಮಮ್ಮಂಗೆ ಯಾಕೆ ಹೇಳಲಿಲ್ಲ ಮಗಾ?"

"ನೀನೇ ಹೇಳ್ತೀಯ ಅನ್ಕೊಂಡೆ."

ಅಷ್ಟೇ. ಚಿತ್ರಾ ತಾನೇ ಜಡೆಯ ತುದಿಗೆ ರಿಬ್ಬನ್ ಕಟ್ಟಿಕೊಂಡು ಎದ್ದು ಹೋದಳು. ಮಾರಮ್ಮ ಎಣ್ಣೆಗೈಯಲ್ಲೇ ಹೊಸಿಲ ಮೇಲೆ ಕೂತಿದ್ದಳು. ಹಸು ಎರಡು ಸಲ ಕೂಗಿತು. ಗಂಗಯ್ಯ ಎದ್ದು ಹುಲ್ಲು ಹಾಕಿದ.

*

ಶನಿವಾರ ಲೈಬ್ರರಿಯ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಬೇಲೂರಿನ ಆಫೀಸರು ಹನ್ನೊಂದಕ್ಕೆ ಬಂದರು. ಹೆಂಗಸರ ಮನೆಮಂದಿಯೂ ಬಂದಿದ್ದರು. ಗಂಗಯ್ಯ, ಭೀಮರಾಜ್, ಚಿತ್ರಾ ಹಿಂದಿನ ಬೆಂಚಿನಲ್ಲಿ.

"ನಮ್ಮ ವಿದ್ಯಾರ್ಥಿನಿ ಮಾರಮ್ಮನವರು ಈಗ ಮಾಡಿ ತೋರಿಸ್ತಾರೆ," ಎಂದಳು ಆಶಾರಾಣಿ. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗುವಿತ್ತು.

ಮಾರಮ್ಮ ಮೌಸ್ ಹಿಡಿದಳು. "ಇದು ನಡುಮನೆ. ಇವು ಬಾಗಿಲು. ತಟ್ಟಿದ್ರೆ ತೆಗೀತದೆ. ಇದು ಪೆಟ್ಟಿಗೆ. ಇದು ಕಿಟಕಿ, ಹಿಂಗೆ ಮುಚ್ಚಬೇಕು." ಬಾಣ ಸರಾಗವಾಗಿ ಓಡಿತು. ಆಫೀಸರು ತಲೆಯಾಡಿಸಿದರು. ಆಮೇಲೆ ಬಾಣ ಮೂಲೆಗೆ ಹೋಗಿ ಬುಟ್ಟಿಯ ಮೇಲೆ ನಿಂತಿತು.

"ಇದನ್ನ ಯಾರೂ ಹೇಳ್ಕೊಡಲಿಲ್ಲ. ನಾನೇ ಹೇಳ್ತೀನಿ. ಇದು ಕಸದ ಬುಟ್ಟಿ. ನಮ್ಮ ಮನೆಗಳಲ್ಲಿ ಬುಟ್ಟಿಗೆ ಕಸ ಹಾಕೋರು ಯಾರಿದ್ದಾರೆ? ಕಸ ತಿಪ್ಪೆಗೆ. ಬುಟ್ಟೀಲಿ ನಾವು ಒಳ್ಳೇದನ್ನ ಮುಚ್ಚಿಡ್ತೀವಿ. ನಂಗೆ ಗೊತ್ತಿರಲಿಲ್ಲ. ನಮ್ಮ ಬೀಗಿತ್ತಿ ಲಕ್ಕಮ್ಮನ ಪದ ಮನೆ ಕಂಪ್ಯೂಟರಲ್ಲಿ ಇಂಥದೇ ಪೆಟ್ಟಿಗೇಲಿದ್ವು. ದಿನಾ ಕದ್ದು ಕೇಳ್ತಿದ್ದೆ. ಕಳೆದೋಗದೇ ಇರಲಿ ಅಂತ ತಂದು ಬುಟ್ಟಿಯೊಳಗೆ ಇಟ್ಟೆ. ಕಸದ ಜೊತೆ ಹೋಯ್ತು. ನನ್ನ ಮೊಮ್ಮಗಳು ಅದಕ್ಕೆ ಏಟು ತಿಂದ್ಲು. ಹದಿನಾರು ದಿನ ಆಯ್ತು. ನಾನು ಬಾಯಿ ಬಿಡಲಿಲ್ಲ."

ಆಫೀಸರು, "ಭೇಷ್! ಕಥೆ ಕಟ್ಟಿ ಹೇಳಿದ್ರಲ್ಲಮ್ಮ, ಎಂಥಾ ಒಳ್ಳೆ ಉದಾಹರಣೆ! ಮೇಡಂ, ಇದನ್ನ ಬೇರೆ ಊರಲ್ಲೂ ಹೇಳಿಸಬೇಕು," ಎಂದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದರೆಂದು ಮುಂದಿನ ಸಾಲಿನವರೂ ತಟ್ಟಿದರು. ಊರಿನ ಹೆಂಗಸರು ತಟ್ಟಲಿಲ್ಲ. ಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಚಪ್ಪಾಳೆಯ ನಡುವೆ ಮಾರಮ್ಮ ತಲೆತಗ್ಗಿಸಿ ನಿಂತಿದ್ದಳು. ಆಫೀಸರು ಬಯ್ದಿದ್ದರೆ ವಾಸಿಯಿತ್ತು. ಆಶಾರಾಣಿ ಕಿಟಕಿಯ ಕಡೆ ತಿರುಗಿದವಳು ತಿರುಗಿಯೇ ಇದ್ದಳು.

ಮನೆಗೆ ಬಂದ ಮೇಲೆ ಭೀಮರಾಜ್ ಚಪ್ಪಲಿ ಬಿಡುತ್ತಲೇ, "ಹದಿನಾರು ದಿನ, ಅವ್ವಾ! ಮಗು ಮುಖ ದಿನಾ ನೋಡ್ಕೊಂಡು ಮುದ್ದೆ ಹೆಂಗೆ ನುಂಗ್ತಿದ್ದೆ?" ಎಂದ.

"ನಾನೇ ಸುಮ್ಕಿರು ಅಂದಿದ್ದು ಕಣಪ್ಪ," ಎಂದ ಗಂಗಯ್ಯ.

"ಓಹೋ, ನೀನೂನಾ!"

ಆಶಾರಾಣಿ ಅತ್ತೆಯ ಎದುರು ಬಂದು ನಿಂತಳು. "ಒಂದು ಮಾತು ಹೇಳಿ. ನಮ್ಮವ್ವಂದು ಅಂತ ಬೇಕೂಂತಲೇ ಹಾಕಿದ್ದು ತಾನೇ?"

"ಇಲ್ಲ ಕಣಮ್ಮ. ಆಣೆ ಇಟ್ರೂ ನೀನು ನಂಬಲ್ಲ ಅಂತಲೇ ಹೆದರಿದ್ದು."

"ನಂಬಲ್ಲ," ಎಂದಳು ಆಶಾರಾಣಿ. ಒಳಗೆ ಹೋಗಿ ಮಗಳನ್ನು ತಬ್ಬಿಕೊಳ್ಳಲು ನೋಡಿದಳು. ಚಿತ್ರಾ ಬಟ್ಟೆ ಮಡಚುತ್ತಿದ್ದಳು. "ಬಿಡಮ್ಮ, ಮಡಿಕೆ ಕೆಡುತ್ತೆ," ಎಂದಳು. ಆ ಸಂಜೆ ಆ ಮನೆಯಲ್ಲಿ ಒಲೆ ಹಚ್ಚಿದ್ದು ಗಂಗಯ್ಯ. ಅನ್ನ ತಳ ಹಿಡಿದಿತ್ತು.

ಭಾನುವಾರ ಮಾರಮ್ಮ ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದಳು. ಆಶಾರಾಣಿ ಬಂದು ಒಂದು ಮೊರ ಎತ್ತಿಕೊಂಡು ಎದುರಿಗೆ ಕೂತಳು. ಅರ್ಧ ಮೊರ ಕೇರಿದಳು.

"ಏನೇನಿತ್ತು ಅದರಲ್ಲಿ?" ಎಂದಳು ಕೊನೆಗೆ, ತಲೆಯೆತ್ತದೆ. "ನಾನು ಹಿಡಿಯುವಾಗ ಅವ್ವನ ಮುಖ ನೋಡ್ತಾ ಇದ್ದೆ. ಪದದ ಕಡೆ ಗಮನ ಇರಲಿಲ್ಲ. ಕೆಲವು ಸಲ ಫೋನ್ ಆನ್ ಮಾಡಿ ಇಟ್ಟು ಔಷಧಿ ತರೋಕೆ ಹೋಗಿದ್ದೆ. ಆಮೇಲೆ ಕೇಳಲೇ ಇಲ್ಲ. ಕೇಳಿರೋರು ನೀವೊಬ್ಬರೇ. ಹೇಳಿ."

ಮಾರಮ್ಮ ಹೇಳಿದಳು. ಕೆಂಪು ದೀಪದಿಂದ ಶುರುಮಾಡಿ, ಎಲ್ಲಿ ಕೆಮ್ಮು ಬಂತು, ಎಲ್ಲಿ ಪದ ಮರೆತು ನಕ್ಕಳು, ಎಲ್ಲಿ ಹಿಂದಿನಿಂದ ಕೋಳಿ ಕೂಗಿತು, ಒಂಬತ್ತನ್ನೂ ಒಂದೊಂದಾಗಿ ಹೇಳಿದಳು. ಮೂರನೆಯದರ ಕೊನೆಯ ಮಾತು ಬಂದಾಗ ತಡವರಿಸಿದಳು. ತನ್ನನ್ನು ಹೊಗಳಿದ ಮಾತು. ಸತ್ತವಳ ಬಾಯಲ್ಲಿ ತಾನೇ ತುರುಕಿದ ಹಾಗಾಗುತ್ತದೆ.

"ಯಾಕೆ ನಿಲ್ಲಿಸಿದ್ರಿ?"

"ಅಲ್ಲಿ ಏನೋ ಆಡಿದ್ಲು. ಸರಿಯಾಗಿ ಕೇಳಿಸಲಿಲ್ಲ."

ಆಶಾರಾಣಿ ಅವಳ ಮುಖವನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಕೇರಿದ ರಾಗಿಯನ್ನು ಚೀಲಕ್ಕೆ ಸುರಿದು ಎದ್ದಳು.

ಸೋಮವಾರ ಬೆಳಿಗ್ಗೆ ಭೀಮರಾಜ್ ಟ್ರಂಕನ್ನು ಜಗಲಿಗೆ ತಂದಿಟ್ಟ. ಹಳೇಬೀಡಿಗೆ ಹೋಗಿ ಅಲ್ಲಿಂದ ಅರಸೀಕೆರೆ ಬಸ್ಸು ಹಿಡಿಯಬೇಕು. ಮಾರಮ್ಮ ಚಕ್ಕುಲಿಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೊಡಲು ಧೈರ್ಯವಿಲ್ಲ.

"ಅಜ್ಜಿ, ಬಾ ಇಲ್ಲಿ," ಎಂದು ಚಿತ್ರಾ ಒಳಗಿಂದ ಕರೆದಳು. ಲ್ಯಾಪ್‌ಟಾಪ್ ತೆರೆದಿತ್ತು. ನಡುಮನೆ ಖಾಲಿ ಖಾಲಿ. ಆಟಗಳನ್ನೆಲ್ಲ ತೆಗೆದುಹಾಕಿದ್ದಳು. ಮೂಲೆಯಲ್ಲಿ ಅದೇ ಬುಟ್ಟಿ. ಅದರ ಕೆಳಗೆ ಇಂಗ್ಲೀಷಿರಲಿಲ್ಲ, ಕನ್ನಡವಿತ್ತು.

"ಓದು."

ಮಾರಮ್ಮ ಕಣ್ಣು ಕಿರಿದು ಮಾಡಿ, ಹಿಂದೊಮ್ಮೆ ಊರಲ್ಲಿ ನಡೆದ ಲಾಂದ್ರದ ಬೆಳಕಿನ ರಾತ್ರಿ ಶಾಲೆಯಲ್ಲಿ ಕಲಿತ ಹಾಗೆ, ಕೂಡಿಸಿಕೊಂಡು ಓದಿದಳು. "ತಿ... ಪ್ಪೆ. ತಿಪ್ಪೆ."

"ಇನ್ಮೇಲೆ ತಪ್ಪಾಗಲ್ಲ," ಎಂದಳು ಚಿತ್ರಾ. ನಗಲಿಲ್ಲ. ಅಜ್ಜಿಯ ಕೈಯಿಂದ ಡಬ್ಬಿ ತೆಗೆದುಕೊಂಡಳು.

ಮಾರಮ್ಮ ಬಸ್ ಸ್ಟಾಪಿನವರೆಗೂ ಹೋಗಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ. ಆಶಾರಾಣಿ ಮಗಳ ಚೀಲ ಹಿಡಿದು ಹಿಂದೆ ನಡೆದಳು. ಚಿತ್ರಾ ಹೊರಟದ್ದು ಸೋಮವಾರ, ಏಳು ಗಂಟೆಯ ಬಸ್ಸಿಗೆ.